ಇದು ನಾವು ನೇಯ್ದದ್ದಲ್ಲ

"ಕತ್ತಿ ಕೆಳಗಿಡಿ."

ಬಾಳೆಗಿಡಗಳ ಮಧ್ಯೆ ನಿಂತಿದ್ದ ಗಂಡಸು ಬೆಚ್ಚಿಬಿದ್ದು ತಿರುಗಿದ. ಬಿಳಿ ಅಂಗಿಯ ಮೇಲೆಲ್ಲ ಬಾಳೆಯ ಕಲೆ. ಕಾಲ ಬಳಿ ಈಗತಾನೇ ಕಡಿದುರುಳಿಸಿದ ಗಿಡ, ಎಳೆ ಗೊನೆಯ ಸಮೇತ.

ಇಪಾಯ್‌ಗೆ ಮೈಯೆಲ್ಲ ಉರಿದುಹೋಯಿತು. ಅದು ಅವಳ ತಾಯಿ ನೆಟ್ಟ ಸಾಲು. ತಾಯಿ ಹೋಗಿ ನಾಲ್ಕು ವರ್ಷವಾದರೂ ತಾಯಿಯನ್ನು ನೆನೆದು ಕೇಳದೆ ಆ ಸಾಲಿನಲ್ಲಿ ಅವಳು ಒಂದು ಎಲೆಯನ್ನೂ ಕೊಯ್ದವಳಲ್ಲ.

"ಇದು ಯಾರ ತೋಟ ಅಂತ ಗೊತ್ತಾ ನಿಮಗೆ?"

"ಕ್ಷಮಿಸಿ... ರಸ್ತೆ ಪಕ್ಕದಲ್ಲೇ ಇತ್ತು. ಕಾಡುಬಾಳೆ ಅಂದ್ಕೊಂಡೆ."

"ಕಾಡುಬಾಳೆ ಇಷ್ಟು ನೆಟ್ಟಗೆ ಸಾಲಾಗಿ ಬೆಳೆಯುತ್ತಾ?"

ಅವನು ಸಾಲನ್ನು ನೋಡಿದ.

"ಏನಕ್ಕೆ ಬೇಕಿತ್ತು?"

"ನಾರಿಗೆ."

ಇಪಾಯ್ ನಕ್ಕಳು. ಅದು ಒಳ್ಳೆಯ ನಗೆಯಾಗಿರಲಿಲ್ಲ. "ಗೊನೆ ಬಿಟ್ಟ ಗಿಡದಲ್ಲಿ ನಾರು ಹುಡುಕ್ತಿದ್ದೀರಾ? ಹೂ ಬಿಡೋಕೆ ಮುಂಚೆ ಕಡೀಬೇಕು. ಆಮೇಲೆ ಅದರ ಗಟ್ಟಿತನ ಎಲ್ಲ ಕಾಯಿಗೆ ಹೋಗಿರುತ್ತೆ. ಎಳೆದ್ರೆ ಪುಡಿಪುಡಿ. ಇಷ್ಟೂ ಗೊತ್ತಿಲ್ಲದೆ ಕತ್ತಿ ಹಿಡ್ಕೊಂಡು ಬಂದಿರೋ ನೀವು ಏನು ಕೆಲಸ ಮಾಡ್ತೀರಿ?"

"ಇಂಜಿನಿಯರ್. ಸಿಂಚು ಪಟ್ಟಣದಿಂದ ಬಂದಿದ್ದೀನಿ. ಕಂಪ್ಯೂಟರ್ ಮಾಡ್ತೀವಿ."

"ಕಂಪ್ಯೂಟರಿಗೂ ಬಾಳೆಗೂ ಏನು ಸಂಬಂಧ?"

"ಅದನ್ನೇ ಹುಡುಕೋಕೆ ಬಂದಿದ್ದೀನಿ," ಅಂದ ಅವನು, ತೀರಾ ಸಹಜವಾಗಿ.

ಇಪಾಯ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೂವತ್ತೆರಡು ಮೂವತ್ಮೂರು ಇರಬಹುದು. ಕನ್ನಡಕಕ್ಕೂ ಬಾಳೆರಸ ಸಿಡಿದಿತ್ತು. ಕಳ್ಳನ ಮುಖವಂತೂ ಅಲ್ಲ.

"ಕ್ಷಮೆ ಕೇಳಿ."

"ಆಗಲೇ ಕೇಳಿದೆನಲ್ಲ..."

"ನನ್ನನ್ನಲ್ಲ. ತೀರಿಹೋದ ಹಿರಿಯರನ್ನ."

ಹೆಗಲ ಚೀಲದಿಂದ ಅಕ್ಕಿಯ ಮದ್ಯದ ಸಣ್ಣ ಶೀಶೆ ತೆಗೆದು ಅವನ ಕೈಗಿತ್ತಳು. ಶಿನ್‌ಶೆ ಊರಿನ ಕವಲಾನ್ ಬುಡಕಟ್ಟಿನ ಹೆಂಗಸರು ಬಾಳೆ ಕಡಿಯುವ ದಿನ ಅದಿಲ್ಲದೆ ತೋಟಕ್ಕೆ ಇಳಿಯುವುದಿಲ್ಲ. ಬೆರಳು ಅದ್ದಿ ನೆಲಕ್ಕೆ ಮೂರು ಹನಿ ಬಿಡಬೇಕೆಂದು ತೋರಿಸಿದಳು. ಪಟ್ಟಣದವನು ಮುಸಿಮುಸಿ ನಗಬಹುದು, ನಕ್ಕರೆ ಅಲ್ಲೇ ಕಳಿಸಿಬಿಡುವುದು ಎಂದುಕೊಂಡಿದ್ದಳು.

ಅವನು ನಗಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ ಕುಳಿತ.

"ನನ್ನ ಹೆಸರು ಪೆಂಗ್ ರುಯಿ-ಕ್ವಾಂಗ್. ಮಿಯಾವ್ಲಿಯ ಹಕ್ಕಾ ಜನಾಂಗದವನು. ಕೇಳದೆ ಕಡಿದೆ, ತಪ್ಪಾಯ್ತು. ಇನ್ನು ಮೇಲೆ ಕೇಳಿಯೇ ಮುಟ್ತೀನಿ."

ಮೂರು ಹನಿ ಬಿತ್ತು.

ಇಪಾಯ್‌ಳ ಕೋಪ ಅರ್ಧಕ್ಕರ್ಧ ಇಳಿಯಿತು. ಇಳಿದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

'ಇಷ್ಟಕ್ಕೆಲ್ಲ ಕರಗೋಳಲ್ಲ ನಾನು,' ಎಂದುಕೊಂಡಳು.

*

ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಊರು ಅದು. ಅಲ್ಲಿ ಆರು ಹೆಂಗಸರು ಸೇರಿ ಬಾಳೆನಾರಿನ ಮಗ್ಗದ ಮನೆ ನಡೆಸುತ್ತಿದ್ದರು. ಇಪಾಯ್ ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಆದರೆ ಹಿರೇತನ ಅವಳದೇ. ಎಲ್ಲರಿಗಿಂತ ದೊಡ್ಡವಳು ಅಬಾಸ್ ದೊಡ್ಡಮ್ಮ, ಇಪಾಯ್‌ಳ ತಾಯಿಯ ಅಕ್ಕ. ಎಪ್ಪತ್ತೆಂಟರಲ್ಲೂ ಹಲ್ಲಿನಿಂದ ದಾರ ಕಡಿಯುವವಳು.

ರುಯಿ-ಕ್ವಾಂಗ್ ಅವರೆದುರು ಒಂದು ಒಡೆದ ಲ್ಯಾಪ್‌ಟಾಪ್ ಇಟ್ಟು ವಿಷಯ ಹೇಳಿದ.

"ಒಳಗಿರೋ ಚಿಪ್, ತಂತಿ, ಬ್ಯಾಟರಿ, ಇವನ್ನ ಬಾಳೆಯಿಂದ ಮಾಡೋಕಾಗಲ್ಲ. ಮಾಡ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಮೈ ಇದೆಯಲ್ಲ, ಇದು ಪೂರ್ತಿ ಪ್ಲಾಸ್ಟಿಕ್. ನಾಲ್ಕು ವರ್ಷ ಬಳಸಿ ಎಸೀತೀವಿ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೊಳೆಯಲ್ಲ. ಈ ಮೈಯನ್ನ ನಿಮ್ಮ ನಾರಿನಿಂದ ಮಾಡ್ಬೇಕು."

"ಬಾಳೆಬಟ್ಟೆ ಉಡೋ ಕಂಪ್ಯೂಟರ್," ಅಂದಳು ದೊಡ್ಡಮ್ಮ. "ನಮ್ಮಜ್ಜಿ ಕಾಲದಲ್ಲಿ ನಾವು ಉಡ್ತಿದ್ವಿ. ಈಗ ಅದಕ್ಕೆ ಉಡಿಸೋಣ ಅಂತೀಯಾ?"

ಎಲ್ಲರೂ ನಕ್ಕರು. ಇಪಾಯ್ ನಗಲಿಲ್ಲ. ಒಡೆದ ಮುಚ್ಚಳವನ್ನು ಎತ್ತಿ, ಬಗ್ಗಿಸಿ, ಉಗುರಿನಿಂದ ತಟ್ಟಿ ನೋಡುತ್ತಿದ್ದಳು. 'ಸುಳ್ಳು ಹೇಳಲ್ಲ' ಎಂದ ಆ ಮಾತು ಅವಳ ಕಿವಿಯಲ್ಲಿ ಉಳಿಯಿತು.

ಕೆಲಸ ಶುರುವಾಯಿತು. ಅವನು ಎರಡು ವಾರಕ್ಕೊಮ್ಮೆ ಬರುತ್ತಿದ್ದ, ಬಂದರೆ ಮೂರು ದಿನ ಇರುತ್ತಿದ್ದ. ಹೆಂಗಸರು ಅವನನ್ನು ಸುಮ್ಮನೆ ಕೂರಿಸಲಿಲ್ಲ. ಬಾಳೆದಿಂಡಿನ ಪಟ್ಟೆ ಬಿಡಿಸಿ, ಚಾಕುವಿನಿಂದ ತಿರುಳು ಕೆರೆದು, ನಾರು ಒಣಗಹಾಕುವ ಕೆಲಸಕ್ಕೆ ಹಚ್ಚಿದರು.

"ಇವನ ಕೈ ನೋಡ್ರೇ, ತೋಫು ಇದ್ದ ಹಾಗೆ ಮೆತ್ತಗಿದೆ," ಅನ್ನುತ್ತಿದ್ದಳು ದೊಡ್ಡಮ್ಮ. "ಏ ಕ್ವಾಂಗ್, ನಮ್ಮಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆ ಸೇರ್ಬೇಕು, ಗೊತ್ತಾ? ಕೆಲಸ ಬರದೇ ಇರೋನನ್ನ ಅತ್ತೆ ವಾಪಸ್ ಅಟ್ಟಿಬಿಡ್ತಾಳೆ."

"ಹಾಗಾದ್ರೆ ಬೇಗ ಕಲಿಯೋದು ಒಳ್ಳೇದು," ಅಂದ ಅವನು, ತಲೆ ಎತ್ತದೆ.

ಮಗ್ಗದಲ್ಲಿ ಕುಳಿತಿದ್ದ ಇಪಾಯ್ ಒಂದು ಎಳೆ ತಪ್ಪಿಸಿದಳು. ಬಿಚ್ಚಿ ಮತ್ತೆ ನೇಯಬೇಕಾಯಿತು.

ಮೊದಲು ಮಾಡಿದ ಹಲಗೆಗಳೆಲ್ಲ ಕೆಟ್ಟವು. ನೇಯ್ದ ಬಟ್ಟೆಗೆ ಅಂಟು ಹಚ್ಚಿ ಕಂಪನಿಯ ಬಿಸಿ ಯಂತ್ರದಲ್ಲಿ ಒತ್ತಿದರೆ ಹಲಗೆ ಗಟ್ಟಿಯಾಗುತ್ತಿತ್ತು ನಿಜ. ಕಡಲ ಗಾಳಿ ತಾಗಿದ ವಾರಕ್ಕೇ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು.

"ನೇಯ್ಗೆ ತಪ್ಪಿಲ್ಲ, ಅಂಟು ತಪ್ಪು," ಅಂದಳು ಇಪಾಯ್.

"ಅಂಟು ಸರಿಯಾಗಿದೆ. ನೇಯ್ಗೆ ಒಂದೇ ದಿಕ್ಕಿಗೆ ಎಳೀತಿದೆ," ಅಂದ ಅವನು.

ಒಂದು ಇಡೀ ಮಧ್ಯಾಹ್ನ ಜಗಳವಾಡಿದರು. ಕಡೆಗೆ ನೋಡಿದರೆ ಇಬ್ಬರೂ ಸರಿಯಿದ್ದರು. ಅವಳು ಎರಡು ಬಟ್ಟೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟಳು, ಒಂದು ಎಳೆದ ಕಡೆಗೆ ಇನ್ನೊಂದು ಬಿಡದ ಹಾಗೆ. ಅವನು ಮಿಯಾವ್ಲಿಗೆ ಹೋಗಿ ಅಜ್ಜಿಯ ಬೆಟ್ಟದ ತುಂಗ್ ಮರದ ಬೀಜದೆಣ್ಣೆ ತಂದ. ಹಿಂದೆ ಕಾಗದದ ಕೊಡೆಗಳಿಗೆ ನೀರು ಇಳಿಯದಂತೆ ಹಚ್ಚುತ್ತಿದ್ದ ಎಣ್ಣೆ ಅದು. ಆ ಸಲದ ಹಲಗೆ ಕಡಲ ಗಾಳಿಗೆ ಒಂದು ತಿಂಗಳು ನೇತಾಡಿತು. ಸೊಟ್ಟಗಾಗಲಿಲ್ಲ.

ಚಳಿಗಾಲದಲ್ಲಿ ಅದು ಕಂಪನಿಯ ಪರೀಕ್ಷೆಯನ್ನೂ ದಾಟಿತು. ಶಾಖ, ತೇವ, ಎತ್ತರದಿಂದ ಬೀಳಿಸುವುದು, ಎಲ್ಲ. ಪರೀಕ್ಷಾ ಪತ್ರಕ್ಕೆ ಸಹಿ ಹಾಕಿದವನು ರುಯಿ-ಕ್ವಾಂಗ್.

ಒಂದು ಹಲಗೆಯನ್ನು ಅವರು ಬಾಳೆಗಿಡದ ಬುಡದಲ್ಲಿ ಹೂತಿದ್ದರು. ಏಳು ತಿಂಗಳ ಮೇಲೆ, ಮೇ ತಿಂಗಳ ಒಂದು ಬೆಳಗ್ಗೆ ಅದನ್ನು ಅಗೆದು ತೆಗೆದಾಗ ಅಂಚೆಲ್ಲ ಮಣ್ಣಾಗಿತ್ತು. ನಡುವೆ ಎರೆಹುಳು ತೂತು ಕೊರೆದು ಮನೆ ಮಾಡಿತ್ತು.

"ತಿಂದುಬಿಟ್ಟಿದೆ," ಅಂದಳು ಇಪಾಯ್. ಅವಳು ಹಾಗೆ ನಕ್ಕದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. "ನೋಡಿ, ನಾವು ಮಾಡಿದ ಕಂಪ್ಯೂಟರನ್ನ ಹುಳ ತಿಂದುಬಿಟ್ಟಿದೆ."

ಅವನೂ ನಗಬೇಕಿತ್ತು. ನಗಲಿಲ್ಲ. ಅವಳ ಮಣ್ಣುಗೈಯನ್ನೇ ನೋಡುತ್ತಿದ್ದ.

"ಇಪಾಯ್... ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು."

"ಹೇಳಿ."

ಅವನು ಹಲಗೆಯ ಮಣ್ಣು ಕೊಡವಿದ. "ತೈಪೆಯಲ್ಲಿ ಕಂಪ್ಯೂಟರ್ ಬಿಡುಗಡೆ ಮುಗೀಲಿ. ಆಮೇಲೆ ಹೇಳ್ತೀನಿ."

ಆ ಹದಿನಾಲ್ಕು ದಿನ ಇಪಾಯ್ ಎಲ್ಲೂ ನಿಲ್ಲದವಳಂತೆ ಓಡಾಡಿದಳು. ಏನು ಹೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು.

*

ತೈಪೆಯ ಪ್ರದರ್ಶನ ಮಂದಿರದಲ್ಲಿ ವೇದಿಕೆಯ ಮೇಲೆ ಅವಳಿಗಾಗಿ ಮಗ್ಗ ಇಟ್ಟಿದ್ದರು. ಕಂಪನಿಯ ನಿರ್ದೇಶಕ ತ್ಸೆಂಗ್ ಅವಳನ್ನು ಎರಡೂ ಕೈ ಮುಂದೆ ಮಾಡಿ ಬರಮಾಡಿಕೊಂಡ. ಸಾಂಪ್ರದಾಯಿಕ ಉಡುಪಿನಲ್ಲಿ ಹತ್ತು ನಿಮಿಷ ನೇಯಬೇಕು, ಆಮೇಲೆ ಎರಡು ಮಾತು ಹೇಳಬೇಕು, ಅಷ್ಟೇ.

ವೇದಿಕೆಯ ಹಿಂದೆ ಮೇಜಿನ ಮೇಲೆ ಕಂಪ್ಯೂಟರುಗಳು ಸಾಲಾಗಿ ಕುಳಿತಿದ್ದವು. ಮುಚ್ಚಳದ ಮೇಲೆ ಅವಳದೇ ನೇಯ್ಗೆ, ಅದೇ ಅಡ್ಡಡ್ಡ ಗೆರೆ, ಅದೇ ಒಣಹುಲ್ಲಿನ ಬಣ್ಣ.

ಇಪಾಯ್ ಒಂದನ್ನು ಪ್ರೀತಿಯಿಂದ ಸವರಿದಳು.

ಕೈ ನಿಂತಿತು.

ಮತ್ತೆ ಸವರಿದಳು. ಬೆರಳಿಗೆ ಎಳೆ ಸಿಗಲಿಲ್ಲ. ಉಗುರು ಜಾರಿತು. ಮೂಗಿನ ಹತ್ತಿರ ಹಿಡಿದಳು. ಎಣ್ಣೆಯ ವಾಸನೆ ಇಲ್ಲ. ಯಾವ ವಾಸನೆಯೂ ಇಲ್ಲ.

"ಇದೇನು?" ಪಕ್ಕದಲ್ಲಿದ್ದ ಕಂಪನಿಯ ಹುಡುಗಿಯನ್ನು ಕೇಳಿದಳು.

"ಅದು ನಿಮ್ಮದೇ ಡಿಸೈನ್ ಅಕ್ಕ. ಫೋಟೋ ತೆಗೆದು ಹಾಳೆ ಮೇಲೆ ಅಚ್ಚು ಹಾಕಿರೋದು. ಸಾವಿರಾರು ಬೇಕಲ್ವಾ, ಆರು ಜನ ಎಷ್ಟು ಅಂತ ನೇಯ್ತೀರಿ? ನೋಡಿದ್ರೆ ಯಾರಿಗೂ ಗೊತ್ತಾಗಲ್ಲ."

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಅಪ್ಪಟ ಬಾಳೆನಾರು, ಕವಲಾನ್ ಹೆಂಗಸರ ಕೈನೇಯ್ಗೆ.

ಇಪಾಯ್ ತಲೆಯೆತ್ತಿ ಹುಡುಕಿದಳು. ರುಯಿ-ಕ್ವಾಂಗ್ ಪರದೆಯ ಪಕ್ಕದಲ್ಲಿ ನಿಂತಿದ್ದ. ಕಣ್ಣು ಸೇರಿದವು. ಅವನು ಕಣ್ಣು ಕೆಳಗೆ ಹಾಕಿದ.

'ಗೊತ್ತಿತ್ತು... ಇವನಿಗೆ ಗೊತ್ತಿತ್ತು.'

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಅವಳು ವೇದಿಕೆಗೆ ಹೋದಳು. ಮಗ್ಗದ ಹತ್ತಿರ ಹೋಗಲಿಲ್ಲ. ನಿರೂಪಕಿ ನಗುತ್ತಾ ಮೈಕ್ ಕೊಟ್ಟಳು. ಇಪಾಯ್ ಅದನ್ನು ಎಡಗೈಯಲ್ಲಿ ಹಿಡಿದು, ಸೊಂಟದಲ್ಲಿದ್ದ ನಾರು ಕೆರೆಯುವ ಚಾಕುವನ್ನು ಬಲಗೈಯಲ್ಲಿ ತೆಗೆದುಕೊಂಡಳು. ಪ್ರದರ್ಶನಕ್ಕಿಟ್ಟಿದ್ದ ಕಂಪ್ಯೂಟರಿನ ಮುಚ್ಚಳದ ಮೇಲೆ ಒಮ್ಮೆ ಎಳೆದಳು.

ಬಾಳೆನಾರಿನ ಚಿತ್ರ ಸುರುಳಿ ಸುತ್ತಿಕೊಂಡು ಎದ್ದಿತು. ಕೆಳಗೆ ಬೆಳ್ಳಗೆ ಪ್ಲಾಸ್ಟಿಕ್ ಕಂಡಿತು.

ಮುಂದಿನ ಸಾಲಿನವರು ಎದ್ದು ನೋಡಿದರು.

"ಇದು ನಾವು ನೇಯ್ದದ್ದಲ್ಲ," ಅಂದಳು ಇಪಾಯ್. "ನಾವು ನೇಯ್ದದ್ದನ್ನ ಮಣ್ಣಲ್ಲಿ ಹೂತ್ರೆ ಹುಳ ತಿನ್ನುತ್ತೆ. ಇದನ್ನ ಹುಳವೂ ಮುಟ್ಟಲ್ಲ. ನಮ್ಮ ಹೆಸರು ಹೇಳಿ ಇದನ್ನ ಮಾರ್ಬೇಡಿ."

ಮೈಕ್ ಕೆಳಗಿಟ್ಟು ಇಳಿದು ನಡೆದಳು. ನೂರು ಫೋನುಗಳು ಅವಳ ಬೆನ್ನ ಹಿಂದೆ ಎದ್ದು ನಿಂತಿದ್ದವು.

ಹೊರಗಿನ ಮೆಟ್ಟಿಲ ಬಳಿ ಅವನು ಓಡಿಬಂದು ಅಡ್ಡ ನಿಂತ.

"ಇಪಾಯ್, ಒಂದು ನಿಮಿಷ..."

"ಎಷ್ಟು ದಿನದಿಂದ ಗೊತ್ತು?"

"ಎರಡು ವಾರ."

"ತೋಟದಲ್ಲಿ ಹೇಳ್ಬೇಕು ಅಂದಿದ್ದು ಇದೇನಾ?"

"ಎರಡು ವಿಷಯ ಇತ್ತು. ಒಂದು ಇದು. ಇನ್ನೊಂದು..."

"ಇನ್ನೊಂದು ಬೇಡ." ಅವಳ ಕಣ್ಣು ಈಗ ತುಂಬಿತು, ಸಿಟ್ಟಿನಿಂದ. "ಎರಡು ವಾರ ನಾನು ಹುಚ್ಚಿ ಹಾಗೆ... ಬಿಡಿ. ಯಾಕೆ ಹೇಳಲಿಲ್ಲ?"

"ನಿಲ್ಲಿಸಬಹುದು ಅಂದ್ಕೊಂಡಿದ್ದೆ. ದಿನಾ ಹೋಗಿ ಜಗಳ ಮಾಡಿದೆ. ಮುನ್ನೂರು ಮಾತ್ರ ಮಾಡೋಣ, ನಿಜವಾದದ್ದನ್ನೇ ಮಾಡೋಣ ಅಂದೆ. ಮೊನ್ನೆವರೆಗೂ ನೋಡೋಣ ಅಂತಿದ್ರು. ನಿಮಗೆ ಮೊದಲೇ ಹೇಳಿದ್ರೆ ನೀವು ಬರ್ತಾನೇ ಇರಲಿಲ್ಲ."

"ಬರೋದು ಬಿಡೋದು ನನ್ನ ಇಷ್ಟ. ಅದನ್ನ ನನ್ನ ಕೈಯಿಂದ ಕಿತ್ಕೊಂಡ್ರಿ." ಅವಳು ಮೆಟ್ಟಿಲಿಳಿದಳು. "ಅವರು ನನ್ನ ನೇಯ್ಗೆ ಕದ್ರು. ನೀವು ಮಾಡಿದ್ದು ಅದಕ್ಕಿಂತ ಹೆಚ್ಚು."

ಅವನು ಹಿಂದೆ ಬರಲಿಲ್ಲ. ಬಂದಿದ್ದರೆ ಇನ್ನೂ ನಾಲ್ಕು ಅಂದು ಹಗುರಾಗುತ್ತಿದ್ದಳೇನೋ. ರೈಲಿನಲ್ಲಿ, ಹ್ವಾಲಿಯೆನ್ ನಿಲ್ದಾಣದಲ್ಲಿ ಇಳಿಯುವವರೆಗೂ, ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು.

*

ಹತ್ತು ದಿನಕ್ಕೆ ವಕೀಲರ ಕಾಗದ ಬಂತು.

ಅವಳು ಕೆರೆದದ್ದು ಬರೀ ಪ್ರದರ್ಶನದ ಮಾದರಿಯಂತೆ. ನಿಜವಾದ ಯಂತ್ರಗಳು ಅಪ್ಪಟ ಬಾಳೆನಾರಿನವಂತೆ. ಕಂಪನಿಯ ಮಾನ ಕಳೆದದ್ದಕ್ಕೆ ಅವಳು ಪತ್ರಿಕೆಯಲ್ಲಿ ಕ್ಷಮೆ ಕೇಳಬೇಕು, ಇಲ್ಲವಾದರೆ ಕೋರ್ಟು. ಅದಕ್ಕೂ ಮೊದಲು ಫೆಂಗ್‌ಪಿನ್ ಪಂಚಾಯಿತಿ ಕಚೇರಿಯ ರಾಜಿ ಸಮಿತಿಯ ಮುಂದೆ ಹಾಜರಾಗಬೇಕು. ಜೊತೆಗೆ ಪರೀಕ್ಷಾ ಪತ್ರದ ಒಂದು ಹಾಳೆ ಲಗತ್ತಿಸಿದ್ದರು. ಕೆಳಗೆ ಸಹಿ: ಪೆಂಗ್ ರುಯಿ-ಕ್ವಾಂಗ್.

ಇಪಾಯ್ ಆ ಸಹಿಯನ್ನು ಬಹಳ ಹೊತ್ತು ನೋಡಿದಳು.

'ಅಂದ್ರೆ ಅವರ ಪರ ನಿಂತೇಬಿಟ್ಟ...'

ಮಗ್ಗದ ಮನೆಯಲ್ಲಿ ಕಾಗದ ಕೈಯಿಂದ ಕೈಗೆ ಹೋಯಿತು. ಕಡೆಗೆ ನೇಯುವವರಲ್ಲಿ ಒಬ್ಬಳು, ಪಿಲಾವ್ ಎಂಬುವಳು, ತಗ್ಗಿದ ದನಿಯಲ್ಲಿ ಅಂದಳು: "ಎರಡು ಸಾಲು ಬರೆದು ಕೊಟ್ಬಿಡೇ. ಅಷ್ಟು ದೊಡ್ಡವರ ಜೊತೆ ನಮಗ್ಯಾಕೆ?"

"ತಪ್ಪು ಮಾಡಿದ್ರೆ ಕಾಲು ಹಿಡೀತೀನಿ ಅಕ್ಕ. ಮಾಡದ ತಪ್ಪಿಗೆ ತಲೆ ಬಗ್ಗಿಸಲ್ಲ."

"ಮಗ್ಗದ ಮನೆ ಮುಚ್ಚಿಸಿಬಿಟ್ರೆ?"

"ಮುಚ್ಚಿಸ್ಲಿ. ಅಂಗಳದಲ್ಲಿ ಕೂತು ನೇಯ್ತೀನಿ."

ದೊಡ್ಡಮ್ಮ ಬಾಯಲ್ಲಿದ್ದ ದಾರ ಕಡಿದು ಉಗಿದಳು. "ಪಿಲಾವ್, ನಿಂಗೆ ಭಯ ಆದ್ರೆ ಮನೇಲಿರು. ನಂಗೆ ಹೊಸ ಚಪ್ಪಲಿ ಇದೆ, ನಾನಂತೂ ಫೆಂಗ್‌ಪಿನ್‌ಗೆ ಹೋಗ್ತೀನಿ."

ಆಗಸ್ಟಿನ ಆ ಬೆಳಗ್ಗೆ ಆರೂ ಜನ ಹೋದರು. ಪಿಲಾವ್ ಎಲ್ಲರಿಗಿಂತ ಮೊದಲೇ ಬಸ್ ನಿಲ್ದಾಣದಲ್ಲಿ ನಿಂತಿದ್ದಳು.

ಸಮಿತಿಯ ಅಧ್ಯಕ್ಷ ನಿವೃತ್ತ ಮೇಷ್ಟ್ರು, ಮಾಯಾವ್ ಎಂಬ ಹೆಸರಿನ ಆಮಿಸ್ ಜನಾಂಗದವರು. ಉದ್ದ ಮೇಜಿನ ಒಂದು ಕಡೆ ನಿರ್ದೇಶಕ ತ್ಸೆಂಗ್, ವಕೀಲ. ಇನ್ನೊಂದು ಕಡೆ ಹೆಂಗಸರು. ನಡುವೆ ಆ ಪರೀಕ್ಷಾ ಪತ್ರ.

"ನಮ್ಮ ಇಂಜಿನಿಯರೇ ಸಹಿ ಹಾಕಿದ್ದಾರೆ," ಅಂದ ತ್ಸೆಂಗ್. "ನೂರಕ್ಕೆ ನೂರು ಬಾಳೆನಾರು. ಇನ್ನೇನು ಬೇಕು? ಈ ತಂಗಿ ದುಡುಕಿದ್ದಾಳೆ. ನಾವು ದೊಡ್ಡ ಮನಸ್ಸು ಮಾಡಿ ಬರೀ ಕ್ಷಮೆ ಕೇಳಿ ಅಂತಿದ್ದೀವಿ."

"ಕೇಳಲ್ಲ," ಅಂದಳು ಇಪಾಯ್.

"ಹಟ ಮಾಡಿದ್ರೆ..."

"ಹಟ ಅಂತಲೇ ಬರ್ಕೊಳಿ. ಈ ಕೈ ಇಪ್ಪತ್ತು ವರ್ಷದಿಂದ ನಾರು ಮುಟ್ಟಿದೆ. ನನ್ನ ನೇಯ್ಗೆ ಯಾವುದು, ಅದರ ಫೋಟೋ ಯಾವುದು ಅಂತ ನಿಮ್ಮ ಹಾಳೆ ನೋಡಿ ನಾನು ತಿಳ್ಕೋಬೇಕಾಗಿಲ್ಲ."

ಬಾಗಿಲು ತೆರೆಯಿತು.

ರುಯಿ-ಕ್ವಾಂಗ್ ಒಳಗೆ ಬಂದ. ಸೊರಗಿದ್ದ. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು. ಇಪಾಯ್ ಮುಖ ತಿರುಗಿಸಿದಳು. ಸಾಕ್ಷಿ ಹೇಳಲು ಕರೆಸಿದ್ದಾರೆ, ಇನ್ನೇನು...

ಅವನು ತ್ಸೆಂಗ್ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ತುದಿಯಲ್ಲೇ ನಿಂತ.

"ಈ ಸಹಿ ನಂದೇ," ಅಂದ ಅಧ್ಯಕ್ಷರಿಗೆ. "ಆದ್ರೆ ಈ ಪತ್ರ ಆ ಯಂತ್ರದ್ದಲ್ಲ. ಇದು ಡಿಸೆಂಬರಿನಲ್ಲಿ, ಇವರು ಕೈಯಾರೆ ನೇಯ್ದ ಹಲಗೆಗೆ ಕೊಟ್ಟಿದ್ದು. ಮೊದಲನೇ ಹಾಳೆಯಲ್ಲಿ ದಿನಾಂಕ, ಹಲಗೆಯ ಸಂಖ್ಯೆ ಎರಡೂ ಇದೆ. ಆ ಹಾಳೆಯನ್ನ ಇಲ್ಲಿ ಇಟ್ಟಿಲ್ಲ."

ಕಟ್ಟು ಬಿಚ್ಚಿದ. ಪತ್ರದ ಎರಡು ಹಾಳೆಗಳು. ಪಕ್ಕದಲ್ಲಿ ಎಣ್ಣೆ ಕುಡಿದು ಕಂದಾದ ಒಂದು ಹಲಗೆ, ಮೂಲೆಯಲ್ಲಿ ಸುಟ್ಟು ಬರೆದ ಸಂಖ್ಯೆ.

"ಮಾರಾಟಕ್ಕೆ ಹೊರಟ ಯಂತ್ರಗಳ ಮೇಲೆ ಒಂದೇ ಒಂದು ಎಳೆ ನಾರಿಲ್ಲ. ನನಗೆ ಅದು ಬಿಡುಗಡೆಗೆ ಎರಡು ವಾರ ಮೊದಲೇ ಗೊತ್ತಾಗಿತ್ತು. ಬಾಯಿ ಮುಚ್ಕೊಂಡಿದ್ದೆ. ಅದನ್ನೂ ಬರ್ಕೊಳಿ."

ತ್ಸೆಂಗ್ ಎದ್ದು ನಿಂತ. "ಕಂಪನಿ ವಿಷಯ ಹೊರಗೆ ಆಡಲ್ಲ ಅಂತ ಬರೆದುಕೊಟ್ಟಿದ್ದೀರಿ ನೀವು. ಕೆಲಸ ಹೋಗುತ್ತೆ."

"ಬೆಳಗ್ಗೆಯೇ ಬಿಟ್ಟೆ."

"ಸಿಂಚುವಲ್ಲಿ ಇನ್ಯಾರೂ ನಿಮ್ಮನ್ನ ಒಳಗೆ ಬಿಟ್ಟುಕೊಳ್ಳಲ್ಲ."

"ಗೊತ್ತು."

ಮಾಯಾವ್ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಹಲಗೆಯನ್ನು ಕೈಗೆತ್ತಿಕೊಂಡರು. ಸವರಿದರು, ಮೂಸಿದರು, ಪಕ್ಕದ ಸದಸ್ಯರಿಗೆ ಕೊಟ್ಟರು. ಆಮೇಲೆ ತ್ಸೆಂಗ್ ಕಡೆ ತಿರುಗಿ ತೀರಾ ಮೆತ್ತಗೆ ಕೇಳಿದರು.

"ಹಾಗಾದ್ರೆ ಈಗ ಪತ್ರಿಕೆಯಲ್ಲಿ ಕ್ಷಮೆ ಯಾರು ಕೇಳ್ಬೇಕು?"

ಅರ್ಧ ಗಂಟೆಯಲ್ಲಿ ಕಂಪನಿ ದೂರು ಹಿಂತೆಗೆದುಕೊಂಡಿತು. ಪೆಟ್ಟಿಗೆಗಳ ಮೇಲಿಂದ ಬಾಳೆನಾರು, ಕವಲಾನ್ ಎಂಬ ಮಾತುಗಳನ್ನು ಅಳಿಸುವುದಾಗಿ ಬರೆದುಕೊಟ್ಟಿತು. ಕ್ಷಮೆಯೂ ಬಂತು, ಪತ್ರಿಕೆಯ ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ದೊಡ್ಡಮ್ಮ ಅದನ್ನು ಕತ್ತರಿಸಿ ಮಗ್ಗದ ಮೇಲೆ ಅಂಟಿಸಿದಳು.

ಆದರೆ ಆ ದಿನ ಕಚೇರಿಯ ಹೊರಗೆ ಇಪಾಯ್ ಅವನ ಎದುರು ನಿಂತಾಗ ಅವಳ ಮುಖ ಸಡಿಲವಾಗಿರಲಿಲ್ಲ.

"ಇವತ್ತು ಮಾಡಿದ್ದು ಸರಿ," ಅಂದಳು. "ಅದು ನಿಜದ ಲೆಕ್ಕಕ್ಕೆ. ಆ ಎರಡು ವಾರ ಇನ್ನೂ ಹಾಗೇ ಇದೆ. ನೀವು ಬಂದು ಸಾಕ್ಷಿ ಹೇಳಿದ ತಕ್ಷಣ ನಾನು ಕರಗಿ ಹೋಗ್ತೀನಿ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ಸಹಿ ನಂದಲ್ವಾ," ಅಂದ ಅವನು. ಹೆಂಗಸರಿಗೆಲ್ಲ ತಲೆಬಾಗಿ ಬಸ್ ಹತ್ತಿದ.

ದೊಡ್ಡಮ್ಮ ಬಸ್ಸು ಮರೆಯಾಗುವವರೆಗೂ ನೋಡಿದಳು. "ಏನೂ ಕೇಳದೆ ಹೋದ ನೋಡೇ," ಅಂದಳು. ಇಪಾಯ್ ಕೇಳಿಸದವಳಂತೆ ನಡೆದಳು.

*

ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಅವನಿಂದ ಒಂದು ಸಂದೇಶವೂ ಇಲ್ಲ. ಸಿಟ್ಟು ತಾನಾಗಿ ಇಳಿಯಲಿ ಎಂದು ಕಾದಳು. ಇಳಿಯಿತು. ಇಳಿದ ಮೇಲೆ ಕೆಳಗೆ ಏನಿದೆ ಎಂಬುದು ಕಂಡಿತು. ಅದು ಸಿಟ್ಟಿಗಿಂತ ಕಷ್ಟ.

ಅಷ್ಟರಲ್ಲಿ ಊರಿನ ಆರೋಗ್ಯ ಕೇಂದ್ರದ ನರ್ಸ್ ಎಂಟು ಲ್ಯಾಪ್‌ಟಾಪ್ ತಂದು ಮಗ್ಗದ ಮನೆಯ ಜಗುಲಿಯ ಮೇಲಿಟ್ಟಳು. ಮುಚ್ಚಳ ಒಡೆದಿದೆ, ಕೀಲು ಕಿತ್ತಿದೆ, ಒಳಗೆಲ್ಲ ಸರಿಯಿದೆ. ಎಸೆಯಲು ಮನಸ್ಸು ಬರುತ್ತಿಲ್ಲ, ಏನಾದರೂ ಮಾಡಲಾಗುತ್ತದೆಯೇ?

ಇಪಾಯ್ ಅವುಗಳ ಮುಂದೆ ಕುಳಿತಳು. ಹೊಸ ಕಂಪ್ಯೂಟರೇ ಯಾಕಾಗಬೇಕು? ಜೀವ ಇರುವುದಕ್ಕೆ ಹೊಸ ಮೈ ಕೊಟ್ಟರೆ ಸಾಕಲ್ಲ. ಎಂಟು ಮೈ ನೇಯಲು ಆರು ಹೆಂಗಸರು ಧಾರಾಳ. ಯಾರ ಅಪ್ಪಣೆಯೂ ಬೇಡ. ಆದರೆ ಒತ್ತಲು ಯಂತ್ರ ಬೇಕು. ಕೀಲು ಕೂರಿಸಲು ಗೊತ್ತಿರುವವರು ಬೇಕು.

'ಯಂತ್ರಕ್ಕೆ ಮಾತ್ರ ಬೇಕಾ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಬಂದ ಮೇಲೆ ಒಂದು ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

"ಎಲ್ಲಿಗೆ?" ಅಂದಳು ದೊಡ್ಡಮ್ಮ.

"ಮಿಯಾವ್ಲಿಗೆ."

"ಅಂತೂ," ಅಂದಳು ಮುದುಕಿ. "ಬರ್ತಾ ಒಬ್ಬಳೇ ಬಂದ್ರೆ ಬಾಗಿಲು ತೆಗೆಯಲ್ಲ."

ತುಂಗ್ ಮರಗಳ ಬೆಟ್ಟದ ಮೇಲಿನ ಮನೆಯಲ್ಲಿ ಅಂಗಳದ ತುಂಬ ಬೀಜ ಒಣಗಲು ಹರಡಿತ್ತು. ಒಬ್ಬ ಅಜ್ಜಿ ಬೀಜ ತಿರುವುತ್ತಿದ್ದಳು.

"ನೀನೇನಾ ಚಾಕು ಹುಡುಗಿ?" ಅಂದಳು ಅಜ್ಜಿ, ನೆಟ್ಟಗೆ ನಿಂತು. "ಫೋನಿನಲ್ಲಿ ನೋಡಿದ್ದೀನಿ. ಎರಡು ಸಲ ನೋಡಿದ್ದೀನಿ. ಏನು ಬಂದಿದ್ದು?"

"ನಿಮ್ಮ ಮೊಮ್ಮಗನನ್ನ ಕರ್ಕೊಂಡು ಹೋಗೋಕೆ ಅಜ್ಜಿ."

"ನಮ್ಮಲ್ಲಿ ಹೆಣ್ಣು ಗಂಡಿನ ಮನೆಗೆ ಬರ್ತಾಳೆ."

"ನಮ್ಮಲ್ಲಿ ಗಂಡು ಹೆಣ್ಣಿನ ಮನೆಗೆ ಬರ್ತಾನೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಅಜ್ಜಿ ಕಣ್ಣು ಕದಲಿಸಲಿಲ್ಲ. ಇಪಾಯ್‌ಳೂ ಕದಲಿಸಲಿಲ್ಲ.

"ಬೀಜ ಕೊಯ್ಯೋ ಕಾಲಕ್ಕೆ ಇಬ್ಬರೂ ಇಲ್ಲಿಗೆ ಬರ್ಬೇಕು," ಅಂದಳು ಅಜ್ಜಿ ಕಡೆಗೆ. "ವರ್ಷಾ ವರ್ಷಾ. ಒಪ್ಪಿಗೆನಾ?"

"ಒಪ್ಪಿಗೆ."

"ಹಿಂದಿನ ಕೊಟ್ಟಿಗೇಲಿದ್ದಾನೆ. ಮಾತಾಡಿ ಬಾ, ಅಕ್ಕಿ ಶ್ಯಾವಿಗೆ ಮಾಡಿರ್ತೀನಿ."

ಕೊಟ್ಟಿಗೆಯ ನಡುವೆ ಒಂದು ಒತ್ತುಯಂತ್ರ ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಅಜ್ಜಿ, ಸ್ಪ್ಯಾನರ್ ಕೊಡು."

ಇಪಾಯ್ ಸ್ಪ್ಯಾನರ್ ಕೊಟ್ಟಳು. ಅದನ್ನು ತೆಗೆದುಕೊಂಡ ಕೈ ನಿಂತಿತು. ಅವನು ಮೆಲ್ಲಗೆ ಹೊರಗೆ ಸರಿದು ಎದ್ದು ಕುಳಿತ. ಕೈಯೆಲ್ಲ ಗ್ರೀಸು. ತೋಫುವಿನಂಥ ಕೈ ಈಗ ಜಡ್ಡುಗಟ್ಟಿತ್ತು.

"ಇದು ಯಾರಿಗೆ?" ಯಂತ್ರ ತೋರಿಸಿ ಕೇಳಿದಳು.

"ನಿಮ್ಮ ಮಗ್ಗದ ಮನೆಗೆ. ಮುಗಿದ ಮೇಲೆ ಲಾರಿಯಲ್ಲಿ ಕಳಿಸೋಣ ಅಂತಿದ್ದೆ. ನಾನು ಬರೋದು ಬೇಡ ಅಂತ..."

"ಅದನ್ನೂ ನೀವೇ ತೀರ್ಮಾನ ಮಾಡಿದ್ರಾ?"

"ಹೌದು. ಮತ್ತೆ ಅದೇ ತಪ್ಪು ಮಾಡಿದೆ."

ಇಪಾಯ್ ಚೀಲದಿಂದ ಒಡೆದ ಲ್ಯಾಪ್‌ಟಾಪ್ ತೆಗೆದು ಅವನ ಮಡಿಲಲ್ಲಿಟ್ಟಳು. ಎಂಟರ ವಿಷಯ ಹೇಳಿದಳು. ಹಳೆಯದಕ್ಕೆ ಹೊಸ ಮೈ ಅನ್ನುವಾಗ ಅವನ ಕಣ್ಣು ಮೊದಲಿನ ಹಾಗೆ ಹೊಳೆಯಿತು. ಅವಳಿಗೆ ಅದನ್ನು ನೋಡಲು ಎಷ್ಟು ಆಸೆಯಿತ್ತೆಂದು ಆಗ ತಿಳಿಯಿತು.

"ನನ್ನ ಮನೆ ದೊಡ್ಡದು," ಅಂದಳು. "ಅಮ್ಮ ಹೋದ ಮೇಲೆ ಒಬ್ಬಳೇ ಇದ್ದೀನಿ. ನಿಮ್ಮಜ್ಜಿ ಹತ್ರ ಮಾತಾಡಿ ಆಯ್ತು. ಬರ್ತೀರಾ?"

ಅವನು ಎದ್ದು ನಿಂತ. ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಅದಕ್ಕೆ ಮೊದಲು ನಿಂಗೊಂದು ವಿಷಯ ಹೇಳ್ಬೇಕು," ಅಂದ. 'ನಿಮಗೆ' ಎನ್ನುವುದು ಯಾವಾಗ 'ನಿಂಗೆ' ಆಯಿತೋ ಅವನಿಗೇ ತಿಳಿಯಲಿಲ್ಲ.

"ಹೇಳು."

"ಯಂತ್ರದ ಕೆಳಗಿನ ತಟ್ಟೆ ಬಿರುಕು ಬಿಟ್ಟಿದೆ. ನಿನ್ನೆ ಸಂಜೆ ಬಿಟ್ಟಿತು. ನನ್ನದೇ ತಪ್ಪು, ಜಾಸ್ತಿ ಕಾಯಿಸಿಬಿಟ್ಟೆ. ಹೊಸದು ಎರಕ ಹೊಯ್ಯೋಕೆ ಮೂರು ವಾರ ಬೇಕು. ಅಲ್ಲಿವರೆಗೂ ಒಂದು ಹಲಗೆಯನ್ನೂ ಒತ್ತೋಕಾಗಲ್ಲ."

ಇಪಾಯ್ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

"ಇಷ್ಟೇನಾ? ಇನ್ನೂ ಇದೆಯಾ?"

"ಇನ್ನೊಂದು ಇದೆ." ಅವನ ದನಿ ತಗ್ಗಿತು. "ನೀನಿಲ್ಲದೆ ಈ ಮೂರು ತಿಂಗಳು ಇದ್ದೆ. ಇನ್ನು ಇರೋಕೆ ನನ್ನಿಂದ ಆಗಲ್ಲ."

"ಇದನ್ನ ಮೊದಲು ಹೇಳೋದಲ್ವಾ?"

"ಕೆಟ್ಟ ಸುದ್ದಿಯನ್ನ ನಿಂಗೆ ಮೊದಲು ಹೇಳ್ಬೇಕು ಅಂದ್ಕೊಂಡೆ."

ಅವಳು ಅವನ ಗ್ರೀಸಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಹಾಗೇ ಮಾಡು," ಅಂದಳು. "ಯಾವಾಗಲೂ."